ಮೂತ್ರಪಿಂಡ ಕಸಿಯ ನಂತರ ತೋಟದ ಮನೆಯ ಬಾಳುವೆ

ಮೂತ್ರಪಿಂಡದ ಕಸಿ ನಮ್ಮ ದೇಶಕ್ಕೆ ಹೊಸದಲ್ಲ. 1971ರಲ್ಲಿಯೇ ವೆಲ್ಲೂರಿನಲ್ಲಿ ಯಶಸ್ವಿಯಾಗಿ ನಡೆದ ಈ ಚಿಕಿತ್ಸೆ ಇಂದು ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲಿಯೂ ಆಗುತ್ತಿದೆ. ಆದರೆ ರೋಗಿ ಮನೆಗೆ ಬಂದೊಡನೆ ಎಲ್ಲವೂ ಮುಗಿಯಿತೆಂದು ನಾವು ಭಾವಿಸಬಾರದು. ಮನೆಯವರ ಪಾಲಿನ ಕೆಲಸ ಅಂದಿನಿಂದಲೇ ಆರಂಭ.

ಗಿಡದ ಕಸಿ ಒಮ್ಮೆ ಕೂಡಿಕೊಂಡರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಮನುಷ್ಯನ ದೇಹ ಹಾಗಲ್ಲ. ಬೇರೊಬ್ಬರ ಮೂತ್ರಪಿಂಡವನ್ನು ಅದು ಪರಕೀಯವೆಂದು ಬಗೆದು ನಾಶಮಾಡಲು ಯತ್ನಿಸುತ್ತದೆ. ಇದನ್ನು ತಡೆಯಲು ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮುಂತಾದ ಗುಳಿಗೆಗಳನ್ನು, ಹೆಚ್ಚಾಗಿ 12 ಗಂಟೆಗೊಮ್ಮೆ, ತಪ್ಪದೆ ಕೊಡಬೇಕು. ಆರಾಮವಾಯಿತೆಂದು ನಿಲ್ಲಿಸಿದರೆ ಕಸಿಯೇ ಕೆಟ್ಟುಹೋದೀತು. ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಊರಿನವರು ಕನಿಷ್ಠ 15 ದಿನದ ಗುಳಿಗೆಯನ್ನು ಮುಂಗಡವಾಗಿ ಇಟ್ಟುಕೊಳ್ಳುವುದು ಲೇಸು. ರಕ್ತದಲ್ಲಿ ಔಷಧದ ಪ್ರಮಾಣ ನೋಡುವ ದಿನ ಬೆಳಗಿನ ಗುಳಿಗೆಯನ್ನು ಜೊತೆಗೆ ಒಯ್ದು, ರಕ್ತ ಕೊಟ್ಟ ಮೇಲೆ ನುಂಗಬೇಕು. ಚಕ್ಕೋತ ಹಣ್ಣು ಈ ಔಷಧದ ಪ್ರಮಾಣವನ್ನು ಏರಿಸಬಹುದಾದ್ದರಿಂದ ಕೊಡಬಾರದು. ವೈದ್ಯರನ್ನು ಕೇಳದೆ ನೋವಿನ ಗುಳಿಗೆಯಾಗಲಿ, ನಾಟಿ ಔಷಧವಾಗಲಿ ಬೇಡ.

ಈ ಗುಳಿಗೆಗಳು ರೋಗನಿರೋಧ ಶಕ್ತಿಯನ್ನೂ ಕುಗ್ಗಿಸುತ್ತವೆ. ಮೊದಲ ಆರು ತಿಂಗಳು ಹೆಚ್ಚಿನ ಎಚ್ಚರ ಬೇಕು. ಗೊಬ್ಬರಗುಂಡಿ, ಕೊಳೆತ ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆಯ ರಾಶಿ, ಒಣಹುಲ್ಲು ಇವುಗಳಿಂದ ಏಳುವ ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಅಪಾಯಕರ. ಇಲಿಯ ಮೂತ್ರ ಬೆರೆತ ಕೆಸರುನೀರಿನಿಂದ ಇಲಿಜ್ವರ ಬರಬಹುದು. ಆದುದರಿಂದ ಗೊಬ್ಬರ, ಕೊಟ್ಟಿಗೆ, ಕಣ ಗುಡಿಸುವುದು, ಬಸಿಗಾಲುವೆಯ ಕೆಲಸ ಬೇರೆಯವರಿಗಿರಲಿ. ಬಾವಿ ನೀರನ್ನು ಕುದಿಸಿ ಆರಿಸಿ ಕೊಡಿ. ಚೇತರಿಸಿಕೊಂಡವರಿಗೆ ತೂಕ ಬರೆಯುವುದು, ಲೆಕ್ಕ, ಸೊಸೈಟಿ ವ್ಯವಹಾರ ಒಪ್ಪಿಸಬಹುದು. ಕೈಕಟ್ಟಿ ಕೂರಿಸಿದರೆ ಮನಸ್ಸು ಕುಗ್ಗುತ್ತದೆ.

ಜ್ವರ 100.4 ಡಿಗ್ರಿ ಮುಟ್ಟಿದರೆ, ಮೂತ್ರ ಕಡಿಮೆಯಾದರೆ, ಕಾಲು ಬಾತರೆ, ತೂಕ ಒಮ್ಮೆಲೇ ಏರಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ತಿಳಿಸಬೇಕು.

ಇನ್ನೊಂದು ಮಾತು. ಮೂತ್ರಪಿಂಡ ಕೊಟ್ಟವರು ಅನೇಕ ವೇಳೆ ಅದೇ ಮನೆಯ ತಾಯಿ ಅಥವಾ ಹೆಂಡತಿ. ರೋಗಿಯ ಆರೈಕೆಯ ಭರದಲ್ಲಿ ಅವರನ್ನು ಮನೆಯೇ ಮರೆತುಬಿಡುತ್ತದೆ. ಅವರಿಗೂ ಶಸ್ತ್ರಚಿಕಿತ್ಸೆ ಆಗಿದೆ. ಸುಮಾರು ಆರು ವಾರ ಕೊಡಪಾನ, ಸೌದೆ ಹೊರೆ ಎತ್ತಕೂಡದು. ಮುಂದೆಯೂ ವರ್ಷಕ್ಕೊಮ್ಮೆ ರಕ್ತದೊತ್ತಡ, ರಕ್ತ ಮತ್ತು ಮೂತ್ರದ ಪರೀಕ್ಷೆ ಆಗಬೇಕು.

ಒಂದೇ ಮನೆಯಲ್ಲಿ ಇಬ್ಬರು ಮಲಗಿದಾಗ ಕೊಯ್ಲು ಕಾಯುವುದಿಲ್ಲ. ಹಣ್ಣಾದ ಕಾಫಿ ಉದುರುತ್ತದೆ, ಅಡಿಕೆ ಬಲಿಯುತ್ತದೆ, ಔಷಧದ ಖರ್ಚು ಮಾತ್ರ ನಿಲ್ಲುವುದಿಲ್ಲ. ಇಂಥ ಮನೆಗೆ ನೋಡಲು ಹೋಗುವ ನಾವು ಹಣ್ಣು ಹಂಪಲು ಒಯ್ದು ರೋಗಿಯ ಸುತ್ತ ಗುಂಪುಗೂಡುವುದಕ್ಕಿಂತ, ಮುಯ್ಯಾಳಿನ ಪದ್ಧತಿಯಂತೆ ಎರಡು ದಿನ ಕೊಯ್ಲಿಗೆ ಆಳಾಗಿ ನಿಂತರೆ ಹೆಚ್ಚಿನ ಉಪಕಾರವಾದೀತು. ನೆಗಡಿ, ಕೆಮ್ಮು ಇದ್ದವರು ತೋಟಕ್ಕಷ್ಟೇ ಹೋಗಿ, ಒಳಗೆ ಹೋಗದೆ ಮರಳಲಿ.