ಕೆರೆಯಂಗಳದ ನೆಲ: ಹೈದರಾಬಾದಿನ ಜೌಗುಭೂಮಿಗಳನ್ನು ಕುರಿತು

ಕನ್ನಡ ವಿಭಾಗದ ಸಂಸ್ಮರಣ ಸಂಪುಟದಲ್ಲಿ ಶಾಸನವನ್ನೋ ಛಂದಸ್ಸನ್ನೋ ಕುರಿತು ಬರೆಯಬೇಕಾದವನು ಕೆರೆಕುಂಟೆಗಳ ವಿಚಾರಕ್ಕೆ ಕೈಹಾಕಿದ್ದಾನಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ವಿಷಯ ನನಗೆ ಮೊದಲು ಎದುರಾದದ್ದು ಭಾಷೆಯ ಮೂಲಕವೇ. ಸಂಶೋಧನ ವಿದ್ಯಾರ್ಥಿಯಾಗಿ ನಾನು ನಲ್ಲಕುಂಟದಲ್ಲಿ ನೆಲಮಟ್ಟದ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ನಲ್ಲ ಎಂದರೆ ಕಪ್ಪು, ಕುಂಟ ಎಂದರೆ ನಮ್ಮ ಕುಂಟೆ. ಪ್ರತಿದಿನ ಬಸ್ಸಿನ ಹಲಗೆಯ ಮೇಲೆ ಆ ಹೆಸರನ್ನು ಓದುತ್ತಿದ್ದರೂ ಅದರ ಅರ್ಥವನ್ನು ನಾನು ಲಕ್ಷಿಸಿರಲಿಲ್ಲ. 2000ದ ಆಗಸ್ಟ್ 24ರಂದು ನಗರದಲ್ಲಿ ಒಂದೇ ದಿನ ಸುಮಾರು 24 ಸೆಂಟಿಮೀಟರ್ ಮಳೆ ಸುರಿಯಿತು. ಬೆಳಗಾಗುವಷ್ಟರಲ್ಲಿ ನೀರು ಮಂಚದ ಮಟ್ಟಕ್ಕೆ ಬಂದು, ಕೆಳಗಿಟ್ಟಿದ್ದ ಟಿಪ್ಪಣಿ ಚೀಟಿಗಳೆಲ್ಲ ಮುದ್ದೆಯಾದವು. ಮನೆಯೊಡತಿ ಮೆಟ್ಟಿಲ ಮೇಲೆ ನಿಂತು, "ಸಾರ್, ಇದು ಕುಂಟೆಯ ಜಾಗ, ನೀರು ಬರದೆ ಇನ್ನೇನು ಬಂದೀತು?" ಎಂದು ತೆಲುಗಿನಲ್ಲಿ ಹೇಳಿದರು. ಸ್ಥಳನಾಮಗಳ ಮೇಲೆ ಒಂದು ಪ್ರಬಂಧವನ್ನೇ ಓದಿದ್ದ ನನಗೆ ಆ ಹೆಸರು ಅರ್ಥವಾದದ್ದು ಅಂದು.

ಇಂಗ್ಲಿಷಿನ 'ವೆಟ್‌ಲ್ಯಾಂಡ್' ಎಂಬುದಕ್ಕೆ ನಾವು ಇಂದು ಜೌಗುಭೂಮಿ, ಜೌಗುಪ್ರದೇಶ ಎಂಬ ಪದಗಳನ್ನು ಬಳಸುತ್ತಿದ್ದೇವೆ. ಈ ಅನುವಾದದಲ್ಲಿಯೇ ಒಂದು ತೊಡಕಿದೆ. ರೈತರ ಮಾತಿನಲ್ಲಿ ಜವುಗು ಹಿಡಿಯುವುದೆಂದರೆ ಹೊಲ ಕೆಡುವುದು. ಅದು ನೆಲದ ದೋಷವೇ ಹೊರತು ಗುಣವಲ್ಲ. ಕೆಟ್ಟ ನೆಲವನ್ನು ಮಣ್ಣು ತುಂಬಿ 'ಸುಧಾರಿಸು'ವುದು ಉಪಕಾರವೆಂಬ ಭಾವನೆ ಆ ಪದದ ಹಿಂದೆಯೇ ಬರುತ್ತದೆ. ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರ ಫೆಬ್ರವರಿ 2ರಂದು ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಖ್ಯೆ ಇದಕ್ಕಿಂತ ಬಹಳ ವಿಶಾಲವಾದುದು. ಸಹಜವಾದದ್ದಾಗಲಿ ಮನುಷ್ಯನಿರ್ಮಿತವಾದದ್ದಾಗಲಿ, ವರ್ಷವಿಡೀ ನೀರಿರುವುದಾಗಲಿ ಕೆಲಕಾಲ ಮಾತ್ರ ನೀರಿರುವುದಾಗಲಿ, ಎಲ್ಲವೂ ಅದರಲ್ಲಿ ಸೇರುತ್ತವೆ. ಈ ದೃಷ್ಟಿಯಿಂದ ದಖ್ಖನಿನ ಒಂದೊಂದು ಕೆರೆಯೂ ಜೌಗುಭೂಮಿಯೇ ಸರಿ.

ನಮ್ಮ ಹಿರಿಯರಿಗೆ ಇಂಥ ಸಮಗ್ರ ಪದದ ಅಗತ್ಯ ಬೀಳಲಿಲ್ಲ, ಏಕೆಂದರೆ ಕೆರೆಯ ಒಂದೊಂದು ಅಂಗಕ್ಕೂ ಅವರಲ್ಲಿ ಒಂದೊಂದು ಹೆಸರಿತ್ತು. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು, ಕೆರೆಯಂಗಳ. ತೆಲಂಗಾಣದಲ್ಲಿ ಇವೇ ಕಟ್ಟ, ತೂಮು, ಮತ್ತಡಿ ಅಥವಾ ಅಲುಗು, ಕಾಲುವ, ಆಯಕಟ್ಟು, ಶಿಖಂ ಎನಿಸಿಕೊಳ್ಳುತ್ತವೆ. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿಯಾಗುವಂತೆ ಹಳಗನ್ನಡದ ಕೆಱೆಯೇ ಅಲ್ಲಿ ಚೆಱುವು. ಎರಡರಲ್ಲಿಯೂ ಶಕಟರೇಫವಿರುವುದು ಗಮನಾರ್ಹ. ನಮ್ಮ ನೀರುಗಂಟಿ ಇಲ್ಲಿಯ ನೀರಟಿ. ನಮ್ಮ ಶಾಸನಗಳ ಬಿತ್ತುವಟ್ಟ, ಕೆರೆಗೊಡಗೆ, ಇಲ್ಲಿಯ ದಶಬಂಧ ಇವೆಲ್ಲ ಕೆರೆಯ ನಿರ್ಮಾಣಕ್ಕೂ ರಕ್ಷಣೆಗೂ ಏರ್ಪಟ್ಟ ದತ್ತಿಗಳು. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿ ಜಿನುಗುವುದು ಒಂದು ದೋಷ, ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವೆಂದು ಶಾಸನಕಾರ ಹೇಳಿರುವುದನ್ನು ಓದಿದಾಗಲೆಲ್ಲ, ಗಡಿನಾಡಿನವನಾದ ನನಗೆ ನಗು ಬರುತ್ತದೆ.

ಈ ಅಂಗಗಳಲ್ಲಿ ಪ್ರಸ್ತುತ ಲೇಖನಕ್ಕೆ ಮುಖ್ಯವಾದದ್ದು ಕೆರೆಯಂಗಳ. ಏರಿಯ ಬಳಿ ನೀರು ಆಳವಾಗಿರುತ್ತದೆ. ಮೇಲ್ಭಾಗಕ್ಕೆ ಹೋದಂತೆ ತೆಳುವಾಗುತ್ತ, ಕೊನೆಗೆ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಹೊರಬರುವ ಒಂದು ಪಟ್ಟಿ ಉಳಿಯುತ್ತದೆ. ಕೆರೆಯ ಹೆಚ್ಚಿನ ಕೆಲಸ ನಡೆಯುವುದು ಇಲ್ಲಿಯೇ. ಜೊಂಡು, ಆಪು ಮೊದಲಾದ ಗಿಡಗಳ ನಡುವೆ ಹರಿವು ನಿಧಾನವಾಗಿ ಹೂಳು ಕೆಳಗಿಳಿಯುತ್ತದೆ. ಗಾಳಿಯಾಡದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಗಳು ಕೊಳೆನೀರಿನ ನೈಟ್ರೇಟನ್ನು ಸಾರಜನಕ ಅನಿಲವಾಗಿ ಮಾರ್ಪಡಿಸಿ ಗಾಳಿಗೆ ಮರಳಿಸುತ್ತವೆ. ಮೀನು ಮೊಟ್ಟೆಯಿಡುವುದು, ಕೊಕ್ಕರೆ ಉಲ್ಲಂಕಿಗಳು ಮೇಯುವುದು ಈ ತೆಳುನೀರಿನಲ್ಲಿ. ದೊಡ್ಡ ಮಳೆ ಬಂದಾಗ ನೀರು ಹರಡಿಕೊಳ್ಳಲು ಬೇಕಾದ ಜಾಗವೂ ಇದೇ. ಆದುದರಿಂದ ದಡದ ಸುತ್ತ ಕಲ್ಲುಗೋಡೆ ಎಬ್ಬಿಸಿ, ಕಾಲುದಾರಿ ಮಾಡಿ, ದೀಪ ಹಾಕಿ ಕೆರೆಯನ್ನು 'ಸುಂದರಗೊಳಿಸು'ವ ಕಾಮಗಾರಿಗಳು ನನಗೆ ಒಪ್ಪಿಗೆಯಾಗಿಲ್ಲ. ಅವು ನೀರನ್ನು ಉಳಿಸಿಕೊಂಡು ಕೆರೆಯನ್ನು ಕಳೆಯುತ್ತವೆ.

ಕೆರೆಗಳು ಒಂಟಿಯಾಗಿಯೂ ಇರುವುದಿಲ್ಲ. ಮೇಲಿನದು ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನದಕ್ಕೆ ಇಳಿಯುತ್ತದೆ. ಇದನ್ನು ತೆಲಂಗಾಣದವರು ಗೊಲುಸುಕಟ್ಟು ಚೆರುವುಗಳು, ಎಂದರೆ ಸರಪಳಿ ಕೆರೆಗಳು, ಎನ್ನುತ್ತಾರೆ. ಈ ಸರಪಳಿಯ ಬಲವೂ ಅಪಾಯವೂ ಹೈದರಾಬಾದಿಗೆ ಏಕಕಾಲದಲ್ಲಿ ತಿಳಿದದ್ದು 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದಲ್ಲಿ. ಅಂದು ಸಾವಿರಾರು ಜನ ಮಡಿದರು. ಮರುವರ್ಷ ನಿಜಾಮ ಸರ್ಕಾರದ ಆಹ್ವಾನದ ಮೇಲೆ ಬಂದ ಎಂ. ವಿಶ್ವೇಶ್ವರಯ್ಯನವರು ನದಿಯ ಜಲಾನಯನವನ್ನು ಪರಿಶೀಲಿಸಿ, ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವೆಂದು ಲೆಕ್ಕ ಕೊಟ್ಟರು. ನಗರದ ಮೇಲುಗಡೆ ಪ್ರವಾಹವನ್ನು ತಡೆದು ಹಿಡಿಯುವ ಜಲಾಶಯಗಳನ್ನು ಕಟ್ಟಬೇಕೆಂಬುದು ಅವರ ಸಲಹೆ. ಅದರ ಫಲವಾಗಿ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಕನ್ನಡಿಗರು ಈ ನಗರಕ್ಕೆ ಸಲ್ಲಿಸಿದ ಸೇವೆಯನ್ನು ನೆನೆಯುವ ಸಭೆಗಳಲ್ಲಿ ನಾವು ವಿಶ್ವೇಶ್ವರಯ್ಯನವರ ಹೆಸರನ್ನು ತಪ್ಪದೆ ಹೇಳುತ್ತೇವೆ. ಆ ಜಲಾಶಯಗಳ ಇಂದಿನ ಸ್ಥಿತಿಯನ್ನು ಮಾತ್ರ ವಿಚಾರಿಸುವುದಿಲ್ಲ.

ಅವುಗಳ ರಕ್ಷಣೆಗಾಗಿ 1996ರಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರವು 111ನೆಯ ಸಂಖ್ಯೆಯ ಆದೇಶವನ್ನು ಹೊರಡಿಸಿ, ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಲಿನ್ಯಕಾರಿ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಬಡಾವಣೆ ಮುಂತಾದುವನ್ನು ನಿಷೇಧಿಸಿತು. ಇದರಿಂದ ಒಂದು ಕೈಗಾರಿಕೆಗೆ ವಿನಾಯಿತಿ ಕೊಟ್ಟಾಗ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಅದನ್ನು ಒಪ್ಪಲಿಲ್ಲ. 2022ರಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧಗಳನ್ನೇ ತೆಗೆಯುವ ಇನ್ನೊಂದು ಆದೇಶವನ್ನು ಹೊರಡಿಸಿತು. ಕುಡಿಯುವ ನೀರು ಈಗ ಕೃಷ್ಣಾ, ಗೋದಾವರಿಗಳಿಂದ ಬರುತ್ತಿರುವುದರಿಂದ ಈ ಜಲಾಶಯಗಳ ಆಸರೆ ನಗರಕ್ಕೆ ಬೇಕಿಲ್ಲ ಎಂಬುದು ಅದರ ಹಿಂದಿನ ವಾದ. ಅವು ಮೊದಲು ರೂಪುಗೊಂಡದ್ದು ಪ್ರವಾಹದ ತಡೆಗಾಗಿ ಎಂಬ ಚರಿತ್ರೆಯನ್ನು ಈ ವಾದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2020ರ ಅಕ್ಟೋಬರಿನಲ್ಲಿ ಪಲ್ಲೆ ಚೆರುವು, ಗುರ್ರಂ ಚೆರುವುಗಳ ಏರಿ ಒಡೆದು ಹಳೆಯ ನಗರದ ದಕ್ಷಿಣದ ಬಡಾವಣೆಗಳು ಮುಳುಗಿದ ಸಂಗತಿ ಇನ್ನೂ ಹಳೆಯದಾಗಿಲ್ಲ.

ಕೆರೆಯಂಗಳ ಕೈತಪ್ಪುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಶಿಖಂ ನೆಲದಲ್ಲಿ ಕೆಲವು ಭಾಗಗಳಿಗೆ ಪಟ್ಟಾ ಇದೆ. ನೀರು ಇಳಿದಾಗ ಅಲ್ಲಿ ಬೆಳೆ ತೆಗೆಯಬಹುದು, ಆದರೆ ಮಣ್ಣು ತುಂಬುವಂತಿಲ್ಲ, ಕಟ್ಟಡ ಕಟ್ಟುವಂತಿಲ್ಲ. ನಾಲ್ಕಾರು ವರ್ಷ ಮಳೆ ಕೈಕೊಟ್ಟರೆ ಆ ನೆಲ ಬರಿಯ ಬಯಲಿನಂತೆ ಕಾಣುತ್ತದೆ. ನಿವೇಶನಗಳಾಗಿ ಕೈಬದಲಾಗುತ್ತ, ಕೊನೆಗೆ ಏನೂ ಅರಿಯದ ಸಂಸಾರವೊಂದು ಸಾಲ ಮಾಡಿ ಅಲ್ಲಿ ಮನೆ ಕಟ್ಟುತ್ತದೆ. 2024ರ ಜುಲೈನಲ್ಲಿ ಸ್ಥಾಪಿತವಾದ 'ಹೈಡ್ರಾ' ಸಂಸ್ಥೆ ಕೆರೆಗಳ ಒತ್ತುವರಿಯನ್ನು ತೆರವು ಮಾಡತೊಡಗಿದಾಗ ಬೀದಿಗೆ ಬಿದ್ದವರಲ್ಲಿ ಇಂಥವರೂ ಇದ್ದರು. ಕೆರೆ ಉಳಿಯಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮಾರಿದವನನ್ನೂ ಅನುಮತಿ ಕೊಟ್ಟವನನ್ನೂ ಬಿಟ್ಟು ಕೊಂಡವನ ಗೋಡೆಯನ್ನಷ್ಟೇ ಕೆಡವುವುದು ನ್ಯಾಯವೆನಿಸದು.

ಕಾನೂನಿನಲ್ಲಿಯೂ ಒಂದು ಬಿರುಕಿದೆ. 2017ರ ಕೇಂದ್ರ ಜೌಗುಭೂಮಿ ನಿಯಮಗಳು ನೀರಾವರಿಗಾಗಿ, ಕುಡಿಯುವ ನೀರಿಗಾಗಿ ಮನುಷ್ಯರು ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಡುತ್ತವೆ. ದಖ್ಖನಿನ ಕೆರೆಗಳು ಬಹುಮಟ್ಟಿಗೆ ಆ ಉದ್ದೇಶಕ್ಕೇ ಹುಟ್ಟಿದವು. ಆದರೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕರ್ನಾಟಕದ ತಾಣಗಳಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ರೈತರ ನೀರಾವರಿಗೆಂದೇ ಕಟ್ಟಿದವು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಮಾಗಡಿಗೆ ಬಂದಿಳಿಯುವಾಗ ಆ ಕೆರೆಯನ್ನು ಕಟ್ಟಿದವರಾರೆಂದು ಕೇಳುವುದಿಲ್ಲ.

ಸಾಮಾನ್ಯ ಜನ ಏನು ಮಾಡಬಹುದು? ಗಣೇಶನ ವಿಗ್ರಹವನ್ನು ಜೇಡಿಮಣ್ಣಿನಲ್ಲಿ ಮಾಡಿಸಿ ಮನೆಯ ತೊಟ್ಟಿಯಲ್ಲಿ ವಿಸರ್ಜಿಸುವುದು, ಕಸವನ್ನು ನಾಲೆಗೆ ಎಸೆಯದಿರುವುದು ಎಲ್ಲರಿಗೂ ತಿಳಿದವೇ. ಅವುಗಳಿಗಿಂತ ಹೆಚ್ಚು ಫಲ ಕೊಡುವುದು ಕಾಗದದ ಕೆಲಸವೆಂದು ನನ್ನ ಅನುಭವ. ಇಲ್ಲಿಯ ನಿಯಮದಂತೆ ಹತ್ತು ಹೆಕ್ಟೇರು ಅಥವಾ ಅದಕ್ಕೂ ದೊಡ್ಡದಾದ ಕೆರೆಯ ಪೂರ್ಣಮಟ್ಟದ ಗೆರೆಯಿಂದ 30 ಮೀಟರ್, ಅದಕ್ಕಿಂತ ಚಿಕ್ಕದಾದರೆ 9 ಮೀಟರ್ ಜಾಗವನ್ನು ಖಾಲಿ ಬಿಡಬೇಕು. ಆದರೆ ಪೂರ್ಣಮಟ್ಟದ ಗೆರೆ ಅಧಿಕೃತವಾಗಿ ನಿಶ್ಚಯವಾಗದಿದ್ದರೆ ಅಳೆಯುವುದು ಎಲ್ಲಿಂದ? ಮಹಾನಗರ ಅಭಿವೃದ್ಧಿ ಪ್ರಾಧಿಕಾರವು ಪ್ರತಿ ಕೆರೆಗೂ ಮೊದಲು ಪ್ರಾಥಮಿಕ ಪ್ರಕಟಣೆ ಹೊರಡಿಸಿ, ಆಕ್ಷೇಪಣೆಗಳನ್ನು ಆಹ್ವಾನಿಸಿ, ಅನಂತರ ಅಂತಿಮ ಪ್ರಕಟಣೆ ಹೊರಡಿಸುತ್ತದೆ. ಆಕ್ಷೇಪಣೆ ಸಲ್ಲಿಸುವವರಲ್ಲಿ ಗೆರೆ ಒಳಕ್ಕೆ ಸರಿಯಲಿ ಎನ್ನುವವರೇ ಹೆಚ್ಚು. ಹಿಂದೆ ನೀರು ಎಲ್ಲಿಯವರೆಗೆ ಬರುತ್ತಿತ್ತೆಂದು ಬಲ್ಲ ವೃದ್ಧರು, ಮೀನುಗಾರರು, ಅಗಸರು ಆ ಕಚೇರಿಯ ಬಾಗಿಲನ್ನೇ ಕಂಡಿರುವುದಿಲ್ಲ. ಅವರ ಹೇಳಿಕೆಯನ್ನು ಬರೆದು ಗಡುವಿನೊಳಗೆ ಸಲ್ಲಿಸಲು ಅಕ್ಷರ ಬಲ್ಲ ಒಬ್ಬರು ಸಾಕು. ಮನೆ ಕೊಳ್ಳುವವರು ಹಳೆಯ ಗ್ರಾಮನಕ್ಷೆಯನ್ನೂ ಕಂದಾಯ ದಾಖಲೆಯನ್ನೂ ತರಿಸಿ, ಅದರಲ್ಲಿ ಶಿಖಂ ಎಂದಿದೆಯೇ ಎಂದು ನೋಡಿಯೇ ಮುಂಗಡ ಕೊಡಬೇಕು.

ಸಂಗಾರೆಡ್ಡಿ ಜಿಲ್ಲೆಯ ಅಮೀನ್‌ಪುರ ಕೆರೆಯನ್ನು 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಈ ಮನ್ನಣೆ ಪಡೆದ ಮೊದಲ ಜಲಾಶಯ ಅದು. ಘೋಷಣೆಯ ಅನಂತರವೂ ಅಲ್ಲಿ ಮಾಲಿನ್ಯದ ದೂರುಗಳು ನಿಂತಿಲ್ಲ. ಇದಕ್ಕೆ ಎದುರಾಗಿ ಅಂಬರ್‌ಪೇಟೆಯ ಬತುಕಮ್ಮ ಕುಂಟೆಗೆ ಯಾವ ಬಿರುದೂ ಇರಲಿಲ್ಲ. ತಂಗಡಿ, ಗುನುಗು ಹೂಗಳ ಬತುಕಮ್ಮನನ್ನು ನೀರಿಗೆ ಬಿಡುವ ಹಬ್ಬದಿಂದ ಬಂದ ಹೆಸರೊಂದೇ ಉಳಿದಿತ್ತು. ಕುಂಟೆ ತುಂಬಿಹೋಗಿ ಮುಳ್ಳುಪೊದೆ ಬೆಳೆದಿತ್ತು. 2025ರಲ್ಲಿ ಉಳಿದಿದ್ದ ಐದು ಎಕರೆಯಷ್ಟು ಜಾಗವನ್ನು ಅಗೆಯಲು ತೊಡಗಿದಾಗ ಕೆಲವೇ ಅಡಿಗಳ ಆಳದಲ್ಲಿ ನೀರು ಕಾಣಿಸಿಕೊಂಡಿತು. ಕುಂಟೆ ಮತ್ತೆ ತುಂಬಿ, ಅದೇ ವರ್ಷ ಅಲ್ಲಿ ಬತುಕಮ್ಮ ಹಬ್ಬ ನಡೆಯಿತು.

ನಮ್ಮ ವಿಭಾಗದ ವಿದ್ಯಾರ್ಥಿಗಳು ಬೀದರ್, ಕಲಬುರಗಿ, ರಾಯಚೂರುಗಳಿಂದಲೂ ಕನ್ನಡ ಮನೆಮಾತಾಗಿರುವ ನಾರಾಯಣಪೇಟೆಯ ಕಡೆಯಿಂದಲೂ ಬರುವವರು. ತಮ್ಮೂರಿನ ಕೆರೆಯ ಅಂಗಗಳಿಗೆ ಮನೆಯ ಹಿರಿಯರು ಯಾವ ಹೆಸರು ಹೇಳುತ್ತಾರೆ, ನೀರು ಯಾವ ಮರದವರೆಗೆ, ಯಾವ ಗುಡಿಯ ಮೆಟ್ಟಿಲವರೆಗೆ ಬರುತ್ತಿತ್ತು ಎಂಬುದನ್ನು ರಜೆಯಲ್ಲಿ ಬರೆದು ತರುವಂತೆ ಅವರಿಗೆ ಹೇಳುತ್ತಿದ್ದೇನೆ. ಕಳೆದ ವರ್ಷ ಬಂದ ಒಂದು ನೋಟುಪುಸ್ತಕದಲ್ಲಿ ಒಂದೇ ಕೆರೆಯ ಅಂಗಳದ ಭಾಗಗಳಿಗೆ ಏಳು ಬೇರೆ ಬೇರೆ ಹೆಸರುಗಳಿದ್ದವು. ಅವುಗಳಲ್ಲಿ ಮೂರು ಯಾವ ನಿಘಂಟಿನಲ್ಲಿಯೂ ನನಗೆ ದೊರೆಯಲಿಲ್ಲ.