ಬತ್ತುವ ಹೊಂಡದ ಹಳದಿ ಹೂವಿಗೆ ಕಾನೂನಿನ ಕುತ್ತು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫ್ರೀಮಾಂಟ್ ನಗರ ಕನ್ನಡಿಗರಿಗೆ ಅಪರಿಚಿತವೇನಲ್ಲ. ಸಿಲಿಕಾನ್ ಕಣಿವೆಯಲ್ಲಿ ದುಡಿಯುವ ನಮ್ಮವರು ಅನೇಕರು ಅಲ್ಲಿ ನೆಲೆಸಿದ್ದಾರೆ. ಆ ನಗರದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ, ಅಳಿವಿನಂಚಿನಲ್ಲಿರುವ ಹಳದಿ ಹೂವೊಂದು ವಸಂತದಲ್ಲಿ ಅರಳುತ್ತದೆ. ಅದರ ಹೆಸರು ಕಾಂಟ್ರಾ ಕೋಸ್ಟಾ ಗೋಲ್ಡ್‌ಫೀಲ್ಡ್ಸ್.

ಸೇವಂತಿಗೆಯ ಕುಟುಂಬಕ್ಕೆ ಸೇರಿದ ಇದು ಗೇಣುದ್ದದ ಸಸ್ಯ. ಒಂದೇ ವರ್ಷದ ಬಾಳು. ಲಾಸ್ಥೇನಿಯಾ ಎಂಬ ಕುಲನಾಮ ಪ್ಲೇಟೋನ ಶಿಷ್ಯೆಯೊಬ್ಬಳದು. ಆಕೆ ಗಂಡುಡುಗೆ ತೊಟ್ಟು ಪಾಠಕ್ಕೆ ಬರುತ್ತಿದ್ದಳೆಂಬ ಐತಿಹ್ಯವಿದೆ.

ಹೂವಿಗಿಂತ ಅದರ ನೆಲೆಯೇ ವಿಶಿಷ್ಟ. ಇಲ್ಲಿ ಮೇಲ್ಮಣ್ಣಿನ ಅಡಿಯಲ್ಲಿ ನೀರು ಇಂಗಲು ಬಿಡದ ಗಟ್ಟಿ ಪದರವಿರುತ್ತದೆ. ಚಳಿಗಾಲದ ಮಳೆ ತಗ್ಗುಗಳಲ್ಲಿ ನಿಂತು ಹೊಂಡವಾಗುತ್ತದೆ. ವಸಂತದ ಬಿಸಿಲಿಗೆ ಆವಿಯಾಗುತ್ತದೆ. ನೀರು ಸರಿದಂತೆಲ್ಲ ಅಂಚಿನಿಂದ ಒಳಮುಖವಾಗಿ ಹೂಗಳು ಬಳೆ ಬಳೆಯಾಗಿ ಅರಳುತ್ತವೆ. ಬೇಸಿಗೆಯಲ್ಲಿ ಉಳಿಯುವುದು ಬಿರುಕುಬಿಟ್ಟ ನೆಲ ಮಾತ್ರ. ಬೀಜಗಳು ಮುಂದಿನ ಮಳೆಗೆ ಕಾಯುತ್ತವೆ. ಕೆಲವೆಡೆ ಮಣ್ಣೂ ಸವಳು. ಮುಳುಗಡೆ, ಬರ, ಉಪ್ಪು ಇವನ್ನೆಲ್ಲ ತಾಳಬಲ್ಲ ಗಿಡಗಳು ಕಡಿಮೆಯಾದ್ದರಿಂದಲೇ ಈ ಹೂವಿಗೆ ಇಲ್ಲಿ ಜಾಗ ದೊರೆತಿದೆ. ಆದರೂ ಯುರೋಪಿನಿಂದ ಬಂದ ಹುಲ್ಲುಗಳು ಹೊಂಡದಂಚನ್ನು ಆವರಿಸುತ್ತಿವೆ. ಅವನ್ನು ಹತೋಟಿಯಲ್ಲಿಡಲು ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ದನಗಳನ್ನು ಮೇಯಿಸಲಾಗುತ್ತದೆ. ವನ್ಯ ಸಸ್ಯವನ್ನು ಉಳಿಸಲು ದನ ಬೇಕಾಯಿತೆಂಬುದು ಸೋಜಿಗವೇ ಸರಿ!

1997ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇದನ್ನು ಅಳಿವಿನಂಚಿನ ಪ್ರಭೇದವೆಂದು ಘೋಷಿಸಿತು. ಆದರೆ ಆ ಕಾಯ್ದೆ ಪ್ರಾಣಿಗಳಿಗೆ ಕೊಡುವಷ್ಟು ರಕ್ಷಣೆಯನ್ನು ಖಾಸಗಿ ಜಮೀನಿನ ಸಸ್ಯಗಳಿಗೆ ಕೊಡುವುದಿಲ್ಲ. ಅಲ್ಲಿ ನೆರವಾಗುತ್ತಿದ್ದುದು ಬೇರೊಂದು ಕಾನೂನು. ಜೌಗು ನೆಲವನ್ನು ತುಂಬಿಸಲು ಶುದ್ಧ ಜಲ ಕಾಯ್ದೆಯಡಿ ಪರವಾನಗಿ ಬೇಕಿದ್ದಾಗ, ವನ್ಯಜೀವಿ ಇಲಾಖೆಯ ಅಭಿಪ್ರಾಯವನ್ನೂ ಕೇಳಬೇಕಿತ್ತು.

2023ರ ಮೇ ತಿಂಗಳಲ್ಲಿ ಸ್ಯಾಕೆಟ್ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ನದಿ, ಸರೋವರಗಳಂಥ ಜಲಮೂಲಗಳೊಂದಿಗೆ ಮೇಲ್ಮೈಯಲ್ಲಿ ನಿರಂತರ ಸಂಪರ್ಕವಿರುವ ಜೌಗು ನೆಲಕ್ಕೆ ಮಾತ್ರ ಈ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಒಂಟಿ ಹೊಂಡಗಳಿಗೆ ಅಂಥ ಸಂಪರ್ಕ ಎಲ್ಲಿಂದ ಬರಬೇಕು? ವಾರ್ಮ್ ಸ್ಪ್ರಿಂಗ್ಸ್ ಕೇಂದ್ರದ ವನ್ಯಧಾಮದೊಳಗಿರುವುದರಿಂದ ಅಲ್ಲಿ ಆತಂಕವಿಲ್ಲ. ಸೊಲಾನೋ ಕೌಂಟಿಯ ಖಾಸಗಿ ಜಮೀನುಗಳ ಹೊಂಡಗಳಿಗೆ ಇನ್ನು ಮುಖ್ಯ ಆಸರೆ ಕ್ಯಾಲಿಫೋರ್ನಿಯಾ ರಾಜ್ಯದ್ದೇ ಆದ ಜಲರಕ್ಷಣಾ ನಿಯಮಗಳು.

ವಸಂತದಲ್ಲಿ ಮಕ್ಕಳ ಮನೆಗೆ ತೆರಳುವ ಓದುಗರು, ಇದೇ ಕುಲದ ಹೂಗಳನ್ನು ಸೊಲಾನೋದ ಜೆಪ್ಸನ್ ಪ್ರೇರಿ ಸಂರಕ್ಷಿತ ಪ್ರದೇಶದಲ್ಲಿ ನೋಡಬಹುದು.