ಎಂಜಿನ್ನಿನ ಕಿಡಿ

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸುವುದು ಸ್ಪಾರ್ಕ್ ಪ್ಲಗ್ಗು. ಅದರ ಎರಡು ಲೋಹದ ಮೊನೆಗಳ ನಡುವಣ ಕಿರಿದಾದ ಎಡೆಯಲ್ಲಿ ವಿದ್ಯುತ್ತಿನ ಕಿಡಿ ಹಾರುತ್ತದೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರಿಗೆ ಮೂರು ಸಿಲಿಂಡರು, ಮೂರು ಪ್ಲಗ್ಗು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಇಂಧನವನ್ನು 1500 ಸಲ ಹೊತ್ತಿಸಬೇಕು! ಹೀಗೆ ದುಡಿದು ಮೊನೆಗಳು ಸವೆದರೆ ಎಂಜಿನ್ನು ತಡವರಿಸುತ್ತದೆ.

ಪ್ಲಗ್ಗನ್ನು ಬದಲಿಸುವುದು ಮನೆಯಂಗಳದಲ್ಲಿಯೇ ಆಗುವ ಕೆಲಸ; ಆದರೆ ಎಂಜಿನ್ನು ಪೂರ್ತಿ ತಣಿದಿರಬೇಕು. ತಂತಿಗಳು ಅದಲುಬದಲಾಗದಂತೆ ಒಂದೊಂದನ್ನೇ ಬಿಚ್ಚಬೇಕು. ಬಿಚ್ಚುವ ಮುನ್ನ ಸುತ್ತಲಿನ ದೂಳನ್ನು ತೆಗೆಯದಿದ್ದರೆ ಅದು ಸಿಲಿಂಡರಿನೊಳಕ್ಕೆ ಬೀಳುತ್ತದೆ. ಹಳೆಯ ಪ್ಲಗ್ಗನ್ನು ಒಡನೆಯೇ ಬಿಸಾಡಬೇಡಿ. ವೈದ್ಯನು ನಾಲಗೆಯನ್ನು ನೋಡುವಂತೆ ಅದರ ಮೊನೆಯನ್ನು ನೋಡಿ. ತಿಳಿಗಂದು ಬಣ್ಣವಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಎಣ್ಣೆ ಸಿಲಿಂಡರಿನೊಳಕ್ಕೆ ಸೋರುತ್ತಿದೆ.

ಹೊಸ ಪ್ಲಗ್ಗನ್ನು ಮೊದಲು ಬರಿಗೈಯಿಂದಲೇ ತಿರುಗಿಸಿ ಕೂರಿಸಬೇಕು. ಪ್ಲಗ್ಗಿನ ಮೈ ಉಕ್ಕು. ಅದು ಕೂರುವ ಸಿಲಿಂಡರ್ ಹೆಡ್ಡು ಮೆದುವಾದ ಅಲ್ಯೂಮಿನಿಯಂ. ಓರೆಯಾಗಿ ಕುಳಿತ ಪ್ಲಗ್ಗನ್ನು ನಾನೊಮ್ಮೆ ಸ್ಪ್ಯಾನರಿನಿಂದ ಬಲವಂತವಾಗಿ ಬಿಗಿದು ಹೆಡ್ಡಿನ ತಿರುಪನ್ನೇ ಕೆಡಿಸಿದೆ. ಅಗ್ಗದ ಪ್ಲಗ್ಗೊಂದರ ದೆಸೆಯಿಂದ ಇಡೀ ಹೆಡ್ಡನ್ನು ಕಳಚಬೇಕಾಯಿತು! ಬೆರಳಿಗೆ ತಡೆ ಸಿಕ್ಕರೆ ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿನಿಂದ ಕೂರಿಸಬೇಕು. ಪೂರ್ತಿ ಕುಳಿತ ಮೇಲಷ್ಟೇ ಸ್ಪ್ಯಾನರು, ಅದೂ ಹಿತವಾಗಿ.